ಅಜ್ಜಯ್ಯನ ಪಾಲಿನ ಎಣ್ಣೆ

ಜೂನ್ ೨೯, ಭಾನುವಾರ

ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಯಾರೋ ಅಂಕ ಕೊಡುತ್ತಾರೆನ್ನುವ ಹಾಗೆ ಬರೆಯುತ್ತೇನೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದ ಚಾಳಿ. ಈ ಪುಸ್ತಕ ಮಾತ್ರ ಕನ್ನಡದಲ್ಲಿ. ಇಲ್ಲಿ ತಪ್ಪಾದರೆ ಕೇಳುವವರಿಲ್ಲ.

ಬೆಳಿಗ್ಗೆ ತಮ್ಮ ಇಂದ್ರೇಶ ಧರ್ಮೇಶ್ ಎನ್ನುವವರನ್ನು ಮನೆಗೆ ಕರೆತಂದಿದ್ದ. ಬಿಲ್ಲೇನಕಟ್ಟೆಯ ಅಜ್ಜಯ್ಯನ ಗದ್ದುಗೆಗೆ ಹೊಸದಾಗಿ ಒಂದು ಸಮಿತಿ ಆಗಿದೆ, ಇವರು ಕಾರ್ಯದರ್ಶಿ. ಗದ್ದುಗೆ ಹಳೇಬೀಡಿನ ರಸ್ತೆಯಲ್ಲಿ, ನಮ್ಮ ತೋಟದ ಊರಲ್ಲಿ. ಹಳೆಯ ಕಂಬಗಳ ಕಲ್ಲಿನ ಮಂಟಪ, ಒಳಗೆ ಗದ್ದುಗೆ, ಅದಕ್ಕೆ ಹೊದಿಸಿದ ಹಸಿರು ಬಟ್ಟೆ, ಬಟ್ಟೆಯ ಮೇಲೆ ವಿಭೂತಿ ಗಟ್ಟಿ. ಊರಿನವರಿಗೆ ಅಜ್ಜಯ್ಯ. ಈಗ ಒಬ್ಬರು ಶಿವಶರಣ ಅನ್ನುತ್ತಾರೆ, ಇನ್ನೊಬ್ಬರು ವಲಿ, ಸೂಫಿ ಸಂತ ಅನ್ನುತ್ತಾರೆ. ಬೀಗದ ಕೈ ಪಕ್ಕದ ಕೋಣೆಯಲ್ಲಿರುವ ಜೈನಾಬಿಯ ಹತ್ತಿರ ಇದೆ. ಸಮಿತಿಗೆ ಆ ಬೀಗದ ಕೈ ಬೇಕು, ಕೋಣೆಯೂ ಖಾಲಿಯಾಗಬೇಕು.

ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ ಇಂಗ್ಲಿಷಿನಲ್ಲಿರಲಿ, ಮುಂದೆ ಹೈಕೋರ್ಟಿಗೂ ಆಗುತ್ತದೆ ಎಂದರು ಧರ್ಮೇಶ್.

"ಅದಕ್ಯಾಕೆ ಯೋಚನೆ, ನಮ್ಮಕ್ಕ ಬರೀತಾಳೆ ಬಿಡಿ," ಎಂದ ಇಂದ್ರೇಶ. "ಕಾನ್ವೆಂಟಿಗೆ ಹಾಕಿದ್ದು ಇದಕ್ಕೇ ಅಲ್ವೇನೇ ಅಕ್ಕ?"

ನಾನು ನಕ್ಕೆ. ಬರೆದೂ ಕೊಟ್ಟೆ. ನಮ್ಮ ಕೊಬ್ಬರಿ ಮಂಡಿಯಿಂದ ಪ್ರತಿ ಗುರುವಾರದ ದೀಪಕ್ಕೆ ನಲವತ್ತೈದು ವರ್ಷದಿಂದ ಎಣ್ಣೆ ಹೋಗುತ್ತಿದೆ. ಅದನ್ನು ಮೊದಲ ಅಂಶ ಮಾಡಿದೆ. ಧರ್ಮೇಶ್ ಹೇಳಿದರು, "ಆ ಸಾಬರ ಮನೆಯವರು ಕಸ ಗುಡಿಸೋಕೆ ಇದ್ದೋರು ಕಣ್ರೀ, ಅಷ್ಟೇ. ಅದನ್ನ ನೀಟಾಗಿ ಹಾಕಿ." ನೀಟಾಗಿ ಹಾಕಿದೆ: ಪಕ್ಕದ ಕೋಣೆಯಲ್ಲಿರುವ ಕುಟುಂಬವು ಭಕ್ತರ ಅನುಮತಿಯಿಂದ, ಸ್ವಚ್ಛತೆಯ ಸೀಮಿತ ಉದ್ದೇಶಕ್ಕೆ ಮಾತ್ರ ಅಲ್ಲಿ ಇರಿಸಲ್ಪಟ್ಟಿತ್ತು. ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿ ಕೇಳುತ್ತದೆ. ಕೊನೆಯ ವಾಕ್ಯ ಮೂರು ಸಲ ತಿದ್ದಿದೆ.

ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕಾಫಿಯನ್ನು ಇಂದ್ರೇಶನ ಹೆಂಡತಿಯ ಕೈಯಲ್ಲಿ ಕಳಿಸಿದಳು.

ಜುಲೈ ೧, ಮಂಗಳವಾರ

ತೋಟದ ಗಿಡ್ಡಯ್ಯ ಮಂಡಿಗೆ ಬಂದವನು ಎಂದಿನಂತೆ ಎಣ್ಣೆ ಡಬ್ಬಿ ತೆಗೆದುಕೊಂಡು ಹೋದ. ಪ್ರತಿ ಮಂಗಳವಾರ ಒಯ್ಯುತ್ತಾನೆ, ಶುಕ್ರವಾರ ಡಬ್ಬಿ ವಾಪಸು ತರುತ್ತಾನೆ. ಹಿತ್ತಾಳೆಯ ಆ ಡಬ್ಬಿಯ ಮುಚ್ಚಳಕ್ಕೆ ಒಂದು ಸಣ್ಣ ತಗ್ಗಿದೆ. ನಾನು ಹುಟ್ಟುವ ಮುಂಚಿನದು ಇರಬೇಕು.

ಅರ್ಜಿಯನ್ನು ವಕೀಲರು ಒಂದಕ್ಷರ ತಿದ್ದದೆ ಸಲ್ಲಿಸಿದರಂತೆ. ಖುಷಿಯಾಯಿತು.

ಜುಲೈ ೬, ಭಾನುವಾರ

ಹಳೆಯ ಫೋಟೋ ಇದ್ದರೆ ಬೇಕು ಎಂದರು ಧರ್ಮೇಶ್. ಬೀರುವಿನ ಆಲ್ಬಮ್ಮಿನಲ್ಲಿ ಒಂದೇ ಒಂದು ಇತ್ತು. ಮಂಟಪದ ಮುಂದೆ ಅಪ್ಪ ರುಮಾಲು ಸುತ್ತಿ ನೆಟ್ಟಗೆ ನಿಂತಿದ್ದಾರೆ. ಹಿಂದೆ ಕಡೆದ ಕಂಬ ಚೆನ್ನಾಗಿ ಕಾಣುತ್ತದೆ. ಅಮ್ಮ ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಳ್ಳುತ್ತಿದ್ದಾಳೆ. ಆ ಮಗು ನಾನು. ಕೊಡುತ್ತಿರುವವಳು ಎಡಗಡೆ ನೆಲದ ಮೇಲೆ ಕೂತಿದ್ದಾಳೆ, ತಲೆ ತುಂಬ ಸೆರಗು. ಜೈನಾಬಿಯ ತಾಯಿ ಹುಸೇನ್‌ಬಿ. ಪಕ್ಕದಲ್ಲಿ ಒಂದು ಮೊರ.

ಎಡಗಡೆ ಫೋಟೋ ಮಸುಕಾಗಿದೆ. ಫೋನಿನಲ್ಲಿ ತೆಗೆದು ಅಷ್ಟು ಭಾಗ ಬಿಟ್ಟು ಕಳಿಸಿದೆ.

ಜುಲೈ ೭, ಸೋಮವಾರ

ಎಡಗಡೆ ಅಷ್ಟೇನೂ ಮಸುಕಾಗಿಲ್ಲ. ಇವತ್ತು ಬೆಳಕಿನಲ್ಲಿ ನೋಡಿದೆ.

ಜುಲೈ ೧೩, ಭಾನುವಾರ

ಆಲ್ಬಮ್ ಮೇಜಿನ ಮೇಲಿದ್ದದ್ದನ್ನು ಅಮ್ಮ ನೋಡಿದಳು. "ಪೂರ್ತಿ ಕಳಿಸಿದೆಯೇನೇ?" ಎಂದಳು. ಬೇಕಾದಷ್ಟು ಕಳಿಸಿದೆ ಅಂದೆ. ಆಮೇಲೆ ಅವರೆಕಾಳು ಆರಿಸುತ್ತಾ, ನನ್ನ ಮುಖ ನೋಡದೆ, ನನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದಳು.

ನನಗಿಂತ ಮುಂಚೆ ಎರಡು ಮಕ್ಕಳು ಹೋದವು. ನಾನು ಮೂರನೆಯವಳು. ಹನ್ನೊಂದನೇ ತಿಂಗಳು ನನಗೂ ಜ್ವರ ಹತ್ತಿದಾಗ ಅಪ್ಪ ಎತ್ತಿಕೊಂಡು ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ಹಾಕಿದರು. ಈ ಮಗು ನಮ್ಮದಲ್ಲ, ನಿಮ್ಮದು ಎಂದು ಹೇಳಬೇಕು. ಹುಸೇನ್‌ಬಿ ಮಡಿಲಿಗೆ ಹಾಕಿಕೊಂಡಳು, ಮೂರು ದಿನ ತನ್ನ ಕೋಣೆಯಲ್ಲಿಟ್ಟುಕೊಂಡು ತನ್ನ ಮಗುವಿನ ಜೊತೆ ಹಾಲು ಕೊಟ್ಟಳು. ಜ್ವರ ಇಳಿದ ಮೇಲೆ ನಮ್ಮವರು ಒಂದು ಮೊರ ರಾಗಿ ಕೊಟ್ಟು ಕೊಂಡುಕೊಂಡರು. ನಾನು ಬದುಕಿರುವವರೆಗೆ ಅಲ್ಲಿನ ದೀಪಕ್ಕೆ ಎಣ್ಣೆ ಕಳಿಸುತ್ತೇವೆ ಎಂದು ಅಮ್ಮನ ಹರಕೆ.

ಹಾಗೆ ಕೊಂಡ ಮಗುವಿಗೆ ಪಕೀರಮ್ಮ ಎಂದು ಹೆಸರು. ಅರುಣಾ ಎನ್ನುವುದು ಶಾಲೆಗೆ. ಮೂರನೇ ಕ್ಲಾಸಿನಲ್ಲಿ ಅಮ್ಮ ಕಾನ್ವೆಂಟಿನ ಗೇಟಿನಲ್ಲಿ ನಿಂತು "ಪಕೀರಮ್ಮಾ" ಎಂದು ಕೂಗಿದ್ದಳು. ಹುಡುಗಿಯರು ವಾರವಿಡೀ ನಕ್ಕರು. ಇನ್ನು ಆ ಹೆಸರಿಗೆ ಓ ಅನ್ನುವುದಿಲ್ಲ ಎಂದು ಮನೆಯಲ್ಲಿ ಹಟ ಮಾಡಿದೆ. ಆಮೇಲೆ ಅಮ್ಮ ಕರೆದದ್ದೂ ಇಲ್ಲ.

"ಅರ್ಜೀಲಿ ಇದನ್ನೂ ಬರ್ದಿದೀಯ?" ಎಂದಳು.

"ಅದು ವೈಯಕ್ತಿಕ ಅಮ್ಮ. ಕಾನೂನಿಗೆ ಸಂಬಂಧ ಇಲ್ಲ."

"ಹೌದಾ," ಎಂದಳು, ಮತ್ತೆ ಕಾಳಿಗೆ ಕೈ ಹಾಕಿದಳು.

ಜುಲೈ ೨೪, ಗುರುವಾರ, ಭೀಮನ ಅಮಾವಾಸ್ಯೆ

ಬಿಲ್ಲೇನಕಟ್ಟೆಯಲ್ಲಿ ಸ್ಥಳ ಮಹಜರು. ಗುರುವಾರವೂ ಅಮಾವಾಸ್ಯೆಯೂ ಒಟ್ಟಿಗೆ ಬಂದ ದಿನ ಮಂಟಪದಲ್ಲಿ ಎರಡು ದೀಪ ಹಚ್ಚುತ್ತಾರೆ. ಇವತ್ತೂ ಎರಡು ಉರಿಯುತ್ತಿದ್ದವು, ನಮ್ಮ ಎಣ್ಣೆಯಲ್ಲಿ. ಪೊಲೀಸರು ನಾಲ್ಕು ಜನ. ಸಮಿತಿಯವರು ಒಂದು ಕಡೆ, ಊರಿನ ಮುಸ್ಲಿಮರು ಇನ್ನೊಂದು ಕಡೆ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಧಿಕಾರಿ. ಉಳಿದ ಊರಿನವರು ಯಾವ ಕಡೆ ನಿಲ್ಲುವುದೆಂದು ತಿಳಿಯದೆ ಹುಣಸೆಮರದ ಕೆಳಗಿದ್ದರು. ನಮ್ಮ ಗಿಡ್ಡಯ್ಯನೂ ಅಲ್ಲೇ.

ಜೈನಾಬಿಗೆ ಐವತ್ತೆಂಟು ಇರಬಹುದು. ನಾನು ನೋಡಿ ಹತ್ತು ವರ್ಷದ ಮೇಲಾಗಿತ್ತು. ಎಣ್ಣೆ ಕಳಿಸುತ್ತೇವೆ, ಹೋಗುವುದಿಲ್ಲ.

ಧರ್ಮೇಶ್ ಫೋಟೋವನ್ನು ದೊಡ್ಡದಾಗಿ ಹಾಕಿಸಿ ತಂದಿದ್ದರು. "ನೋಡಿ ಸಾರ್, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. ಶರಣರ ಗದ್ದುಗೆ, ಲಿಂಗಾಯತ ಕುಟುಂಬ, ಹೊಯ್ಸಳರ ಕಂಬ. ಇದರಲ್ಲಿ ಬೇರೆ ಯಾರಾದ್ರೂ ಕಾಣ್ತಾರಾ?"

ಜೈನಾಬಿ ಎದ್ದು ಹತ್ತಿರ ಬಂದಳು. ಪೊಲೀಸಿನವನು ಕೈ ಅಡ್ಡ ಹಿಡಿದ. "ಇರಪ್ಪ, ಕಚ್ಚಾಕಿಲ್ಲ," ಎಂದು ಅವನ ಕೈ ಸರಿಸಿ ಫೋಟೋಗೆ ಬೆರಳಿಟ್ಟಳು.

"ಸ್ವಾಮಿ, ಕಂಬ ಕಂಡ್ತು ಇವ್ರಿಗೆ. ಮಗ ಕಂಡ್ತು. ಮಗೀನ ಸೊಂಟದಾಗೆ ಎರಡು ಕೈ ಐತಲ್ಲ, ಅದು ಕಾಣ್ಲಿಲ್ವಾ? ಅವು ಮಗೀನ ಅವ್ವ ವಿಶಾಲಮ್ಮೋರ ಕೈಯಲ್ಲ, ಅವರ ಕೈ ಈ ಕಡೆ ಅವೆ. ಆ ಎರಡು ಕೈ ಎಲ್ಲಿಂದ ಬಂದ್ವು? ಮರದಾಗೆ ಬಿಟ್ಟಿದ್ವಾ? ಅದರ ಹಿಂದುಗಡೆ ಒಂದು ಮನುಷ್ಯ ಇರಬೇಕಲ್ಲ!"

ಮರದ ಕೆಳಗೆ ಯಾರೋ ನಕ್ಕರು. ನಾನೂ ಆಗಲೇ ನೋಡಿದ್ದು. ಮೊಣಕೈವರೆಗೆ ಎರಡು ಕೈ, ಗಾಜಿನ ಬಳೆ, ನನ್ನ ಸೊಂಟದ ಸುತ್ತ. ಉಳಿದವಳನ್ನು ತೆಗೆದುಹಾಕಿದ್ದೆ, ಕೈ ತೆಗೆಯಲು ನನ್ನನ್ನೂ ಕತ್ತರಿಸಬೇಕಾಗುತ್ತಿತ್ತು.

"ಯಾರೋ ನೆಂಟರದು ಇರುತ್ತೆ ಸಾರ್," ಎಂದರು ಧರ್ಮೇಶ್.

ಅಧಿಕಾರಿ ನನ್ನ ಕಡೆ ತಿರುಗಿದರು. "ಮೇಡಂ, ಫೋಟೋ ನಿಮ್ಮದೇ ಅಲ್ವಾ? ಇದು ಯಾರ ಕೈ?"

ಎಲ್ಲರೂ ನನ್ನನ್ನೇ ನೋಡಿದರು. ಇಂದ್ರೇಶ ಚಪ್ಪಲಿಯಿಂದ ಮಣ್ಣು ಕೆದಕುತ್ತಿದ್ದ. ನಾನು ಹೇಳಿದೆ, "ಆಗ ನನಗೆ ಒಂದು ವರ್ಷವೂ ಆಗಿರಲಿಲ್ಲ ಸರ್. ನೆನಪಿಲ್ಲ."

ಅದು ಸುಳ್ಳಲ್ಲ. ಒಂದು ವರ್ಷದ ಮಗುವಿಗೆ ನೆನಪಿರುವುದಿಲ್ಲ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ.

ಜೈನಾಬಿ ಕೂಗಾಡಲಿಲ್ಲ. ನನ್ನ ಪಕ್ಕದಿಂದ ಹೋಗುವಾಗ ನಿಂತಳು. "ಚೆನ್ನಾಗಿದೀಯೇನವ್ವ? ದಪ್ಪ ಆಗಿದೀಯ," ಎಂದಳು. "ನೆನಪಿಲ್ದಿದ್ರೆ ಹೋಗ್ಲಿ ಬಿಡು. ನಮ್ಮವ್ವ ಸಾಯೋವಾಗ ನಮ್ಮೆಲ್ಲರ ಹೆಸರೂ ಮರೆತಿದ್ಲು. ನಿನ್ ಹೆಸರು ಕರೀತಿದ್ಲು."

ಯಾವ ಹೆಸರು ಎಂದು ನಾನು ಕೇಳಲಿಲ್ಲ.

ಜುಲೈ ೨೫, ಶುಕ್ರವಾರ

ಗಿಡ್ಡಯ್ಯ ಡಬ್ಬಿ ತಂದ. ಅಮ್ಮ ಮುಚ್ಚಳ ತೆಗೆದು ನೋಡಿದಳು, ಮುಚ್ಚಿದಳು, ಮತ್ತೆ ತೆಗೆದಳು. ಬೂದಿ ಹಾಕಿ ತಿಕ್ಕಿ ತೊಳೆದು ಒರೆಸಿ ಕಳಿಸಿದ್ದಾರೆ. ಹೊಸದರ ಹಾಗೆ ಹೊಳೆಯುತ್ತಿದೆ. ಒಳಗೆ ಏನೂ ಇಲ್ಲ.

"ನಾ ಕೇಳ್ದೆ ಅಮ್ಮಾರೆ," ಎಂದ ಗಿಡ್ಡಯ್ಯ. "ಇಷ್ಟೇಯಾ ಅಂದೆ. ಇಷ್ಟೇ, ತಗಂಡೋಗು ಅಂದ್ಲು. ಇನ್ಮೇಲೆ ಎಣ್ಣೆ ತರಬ್ಯಾಡ, ಅಂಗಡೀಲಿ ಸಿಕ್ತೈತೆ ಅಂದ್ಲು."

ಅವನು ಹೋದ ಮೇಲೆ ಅಮ್ಮ ಹೇಳಿದಳು. ಅಜ್ಜಯ್ಯನ ಮುಂದಿಟ್ಟು ಫಾತಿಹಾ ಓದಿಸಿದ ಪ್ರಸಾದದ ಸಕ್ಕರೆ ಒಂದು ಹಿಡಿ, ಕಾಗದದಲ್ಲಿ ಸುತ್ತಿ, ಪ್ರತಿ ವಾರ ಈ ಡಬ್ಬಿಯಲ್ಲಿ ಬರುತ್ತಿತ್ತು. ಡಬ್ಬಿ ಖಾಲಿ ಬಂದದ್ದು ಇದೇ ಮೊದಲು.

"ನಂಗೆ ಯಾವತ್ತೂ ಹೇಳೇ ಇಲ್ವಲ್ಲ," ಎಂದೆ.

"ಹೇಳಿದ್ರೆ ಕುಡೀತಿದ್ದೆಯಾ? ಶುಕ್ರವಾರದ ನಿನ್ನ ಕಾಫಿಗೆ ಅದನ್ನೇ ಹಾಕ್ತಿದ್ದೆ."

ನಲವತ್ತೈದು ವರ್ಷದ ಶುಕ್ರವಾರಗಳು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಅಮ್ಮ ಅವಲಕ್ಕಿಯ ಜೊತೆ ಒಂದು ಸಕ್ಕರೆ ಪೊಟ್ಟಣ ಕಳಿಸುತ್ತಿದ್ದಳು. ಹಾಸ್ಟೆಲಿನಲ್ಲಿ ಸಕ್ಕರೆಗೇನು ಬರವೇ ಎಂದು ನಾನು ಗೆಳತಿಯರ ಮುಂದೆ ತಮಾಷೆ ಮಾಡಿದ್ದೆ.

ಅಮ್ಮ ರಾತ್ರಿ ಊಟ ಮಾಡಲಿಲ್ಲ. ಉಪವಾಸವೇ ಎಂದು ಇಂದ್ರೇಶ ಕೇಳಿದ.

ಆಗಸ್ಟ್ ೪, ಸೋಮವಾರ

ಮಧ್ಯಂತರ ಆದೇಶ ಬಂತು. ತೀರ್ಮಾನವಾಗುವವರೆಗೆ ಮಂಟಪಕ್ಕೆ ಸರ್ಕಾರಿ ಬೀಗ. ಯಾರೂ ಪೂಜೆ ಮಾಡುವಂತಿಲ್ಲ, ಫಾತಿಹಾ ಓದುವಂತಿಲ್ಲ, ದೀಪವೂ ಇಲ್ಲ. ಜೈನಾಬಿಯ ಕುಟುಂಬ ಮೂವತ್ತು ದಿನದೊಳಗೆ ಕೋಣೆ ಖಾಲಿ ಮಾಡಬೇಕು.

ಇಂದ್ರೇಶ ಮೈಸೂರುಪಾಕು ತಂದ. "ನೋಡೇ ಅಕ್ಕ, ನಿನ್ನ ಸೆಂಟೆನ್ಸನ್ನೇ ಹಾಕವ್ರೆ," ಎಂದು ಎರಡನೇ ಪುಟ ತೋರಿಸಿದ. ಸ್ವಚ್ಛತೆಯ ಸೀಮಿತ ಉದ್ದೇಶಕ್ಕೆ ಮಾತ್ರ. ಅಲ್ಪವಿರಾಮ ಕೂಡ ನಾನು ಇಟ್ಟಲ್ಲೇ ಇತ್ತು. ಅದರ ಕೆಳಗೆ: ಫೋಟೋದಲ್ಲಿರುವ ಕೈಗಳು ಯಾರದೆಂದು ಸಾಕ್ಷಿಯು ಗುರುತಿಸಿರುವುದಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ, ಚೆನ್ನಾಗಿ ಬರೆದದ್ದು ಬಹಳ ಕಾಲ ಉಳಿಯುತ್ತದೆ ಎಂದು.

ಆಗಸ್ಟ್ ೯, ಎರಡನೇ ಶನಿವಾರ

ಆಲ್ಬಮ್ಮಿನಿಂದ ಪೂರ್ತಿ ಫೋಟೋ ಕಿತ್ತು ಪುಸ್ತಕದಲ್ಲಿಟ್ಟುಕೊಂಡು ಹಳೇಬೀಡಿನ ಬಸ್ಸು ಹತ್ತಿದೆ. ಬಸ್ಸಿನ ತುಂಬ ದೇವಸ್ಥಾನ ನೋಡಲು ಹೊರಟ ಕಾಲೇಜು ಹುಡುಗಿಯರು. ಬಿಲ್ಲೇನಕಟ್ಟೆಯಲ್ಲಿ ಇಳಿದವಳು ನಾನೊಬ್ಬಳೇ.

ಮಂಟಪದ ಬಾಗಿಲಿಗೆ ಬೀಗ, ಬೀಗದ ಮೇಲೆ ಬಟ್ಟೆ ಸುತ್ತಿ ಅರಗು. ಜೈನಾಬಿ ಕೋಣೆಯ ಮುಂದೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂತ್ಕೋ ಅನ್ನಲಿಲ್ಲ. ನಿಂತೇ ಫೋಟೋ ಕೊಟ್ಟೆ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು, ಬಹಳ ಹೊತ್ತು ನೋಡಿದಳು.

"ಇದು ನಾನು," ಎಂದಳು. ನಾನು ಈವರೆಗೆ ನೋಡೇ ಇರಲಿಲ್ಲ. ಮೊರದ ಹಿಂದೆ ಲಂಗ ತೊಟ್ಟ ಹುಡುಗಿಯೊಬ್ಬಳ ಅರ್ಧ ಮುಖ. "ರಾಗಿ ಅಳೆಯೋಕೆ ಕೂತಿದ್ದೆ. ನಿನ್ನ ವಾಪಸ್ ಕೊಡಬ್ಯಾಡ ಅಂತ ಅತ್ತಿದ್ನಂತೆ."

ನಾನು ತಪ್ಪಾಯಿತು ಎಂದೆ. ದಾರಿಯುದ್ದಕ್ಕೂ ಇನ್ನೂ ಏನೇನೋ ಹೇಳಲು ಜೋಡಿಸಿಕೊಂಡಿದ್ದೆ.

"ನನಗ್ಯಾಕೆ ಹೇಳ್ತೀಯ?" ಎಂದಳು ಫೋಟೋ ವಾಪಸು ಕೊಡುತ್ತಾ. "ನಮ್ಮವ್ವ ಯಾರು ಅಂತ ನನಗೆ ಗೊತ್ತಿಲ್ವಾ? ಕುರ್ಚಿ ಮೇಲೆ ಕೂತು ಕೇಳಿದ್ನಲ್ಲ, ಅವನಿಗೆ ಹೇಳು. ನಾಕು ಜನರ ಮುಂದೆ ಇಲ್ಲ ಅಂದು, ಕದ್ದು ಬಂದು ನನ್ನ ಕಿವೀಲಿ ಹೌದು ಅಂದ್ರೆ ಏನ್ ಬಂತು?"

"ಇಪ್ಪತ್ತೊಂದಕ್ಕೆ ವಿಚಾರಣೆ ಇದೆ."

"ಗೊತ್ತು. ನನಗೂ ನೋಟೀಸು ಬಂದೈತೆ. ಇಂಗ್ಲಿಷಾಗೆ." ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡಳು. "ಹೋಗವ್ವ, ಎರಡೂವರೆ ಬಸ್ಸು ತಪ್ಪಿದ್ರೆ ಐದೂವರೆಗೇ."

ಆಗಸ್ಟ್ ೧೨, ಮಂಗಳವಾರ

ಪರೀಕ್ಷೆಯ ಪತ್ರಿಕೆಗಳು. ಬಿಡುವಿಲ್ಲ.

ಆಗಸ್ಟ್ ೧೪, ಗುರುವಾರ

ಬಿಡುವಿತ್ತು. ಸುಮ್ಮನೆ ಕೂತಿದ್ದೆ.

ಆಗಸ್ಟ್ ೧೭, ಭಾನುವಾರ

ಹೇಳಿಕೆ ಬದಲಿಸುತ್ತೇನೆ ಎಂದು ಇಂದ್ರೇಶನಿಗೆ ಹೇಳಿದೆ. ಮೊದಲು ತಮಾಷೆ ಎಂದುಕೊಂಡ.

"ತಲೆ ನೆಟ್ಟಗಿದೆಯೇನೇ? ನಾಳೆ ಮಂಡೀಲಿ ನನ್ನ ಮುಖಕ್ಕೆ ಉಗೀತಾರೆ. ಎಲ್ಲಾರೂ ಸಮಿತಿಯವರೇ. ನೀನು ಕಾಲೇಜು, ಪುಸ್ತಕ ಅಂತ ಇದ್ದುಬಿಡ್ತೀಯ, ಅವರ ಜೊತೆ ವ್ಯಾಪಾರ ಮಾಡೋನು ನಾನು ಕಣೇ."

ಅವನು ಹೇಳುವುದೂ ನಿಜ. ಅವನ ಅಂಗಡಿಗೆ ಯಾರೂ ಕೊಬ್ಬರಿ ತರದಿದ್ದರೆ ನಾನೇನು ಮಾಡುತ್ತೇನೆ? ಅರ್ಜಿ ಬರೆಯುವಾಗ ಯಾರಿಗೆ ಏನಾಗುತ್ತದೆ ಎಂದು ಒಂದು ಕ್ಷಣವೂ ಯೋಚಿಸದ ನಾನು ಈಗ ಎಲ್ಲರ ಪರವಾಗಿ ಯೋಚಿಸುತ್ತಿದ್ದೇನೆ. ಹೆದರಿಕೆಯೂ ಒಂದೊಂದು ಸಲ ನ್ಯಾಯವಂತರ ಹಾಗೆ ಮಾತಾಡುತ್ತದೆ.

"ಅಮ್ಮಾ, ನೀನಾದ್ರೂ ಹೇಳು ಇವಳಿಗೆ," ಎಂದ.

ಅಮ್ಮ ಹೇಳಿದಳು, "ಅವಳನ್ನ ಕೊಂಡುಕೊಂಡಾಗ ನೀನಿನ್ನೂ ಹುಟ್ಟಿರಲಿಲ್ಲ ಕಣೋ. ಅವಳು ಉಳಿಯದಿದ್ರೆ ನಿನ್ನ ಹಡೆಯೋ ಧೈರ್ಯ ನನಗೆಲ್ಲಿತ್ತು?"

ಅವನು ತಟ್ಟೆ ಬಿಟ್ಟು ಎದ್ದುಹೋದ.

ಆಗಸ್ಟ್ ೨೧, ಗುರುವಾರ

ಹೇಳಿಕೆಯನ್ನು ನಿನ್ನೆಯೇ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಓದಿದರೆ ಅದರಲ್ಲಿ ನಾನು ಬಹಳ ಒಳ್ಳೆಯವಳ ಹಾಗೆ ಕಾಣುತ್ತಿದ್ದೆ. ಹರಿದುಹಾಕಿದೆ.

ಕಚೇರಿಯ ಪಡಸಾಲೆಯಲ್ಲಿ ಧರ್ಮೇಶ್ ನಮಸ್ಕಾರ ಮಾಡಿದರು, ನಮ್ಮ ಕಡೆಯ ಸಾಕ್ಷಿ ಎಂದುಕೊಂಡು ಕುರ್ಚಿಯನ್ನೂ ಬಿಟ್ಟುಕೊಟ್ಟರು. ಕೂತೆ. ಜೈನಾಬಿ ಎದುರಿನ ಗೋಡೆಗೆ ಒರಗಿ ನಿಂತಿದ್ದಳು.

ಕರೆದಾಗ ಫೋಟೋವನ್ನು ಮೇಜಿನ ಮೇಲಿಟ್ಟೆ. ಹಿಂದೆ ಕೊಟ್ಟದ್ದು ಅರ್ಧ, ನಾನೇ ಕತ್ತರಿಸಿದ್ದು ಎಂದೆ. ಅಧಿಕಾರಿ ತಲೆಯೆತ್ತಿ ನೋಡಿದರು.

"ಯಾಕೆ ಕತ್ತರಿಸಿದಿರಿ?"

"ನಾಚಿಕೆಗೆ ಸರ್."

ಆ ಪದವನ್ನು ದಾಖಲೆಯಲ್ಲಿ ಹೇಗೆ ಹಾಕುವುದು ಎಂದು ಗುಮಾಸ್ತ ಕೇಳಿದ. ಹೇಳಿದ ಹಾಗೇ ಹಾಕಿ ಎಂದರು ಅಧಿಕಾರಿ. ಕೈಗಳು ಹುಸೇನ್‌ಬಿಯವು ಎಂದೆ, ಬೀಗದ ಕೈ ಅವರ ಹತ್ತಿರವೇ ಇತ್ತು, ದೀಪ ಹಚ್ಚುತ್ತಿದ್ದವರು ಅವರು, ನಾವು ಎಣ್ಣೆ ಮಾತ್ರ ಕಳಿಸಿದವರು. ಹಾಲಿನ ವಿಷಯ, ಮೊರದ ರಾಗಿಯ ವಿಷಯ ಎಲ್ಲ ಹೇಳಿದೆ. ಅರ್ಜಿಯ ಆ ವಾಕ್ಯ ನಾನೇ ಬರೆದದ್ದು, ಅದು ನಿಜವಲ್ಲ ಎಂದೆ. ಕನ್ನಡ ಎಲ್ಲೋ ತಪ್ಪಿತು. ಧರ್ಮೇಶ್ ನಾನು ಕೂತಿದ್ದ ಕುರ್ಚಿಯನ್ನು ಎಳೆದು ಆಚೆ ಇಟ್ಟದ್ದು ಕೇಳಿಸಿತು.

ಗುಮಾಸ್ತ ಓದಿ ಹೇಳಿದ. "ಅರುಣಾ, ತಂದೆ ಲೇಟ್ ರೇವಣಸಿದ್ದಪ್ಪ. ಬೇರೆ ಹೆಸರು ಏನಾದ್ರೂ ಇದೆಯಾ ಮೇಡಂ? ಇದ್ರೆ ಉರುಫ್ ಅಂತ ಹಾಕಬೇಕು."

ಇದೆ ಎಂದೆ. ಬರೆಸಿದೆ. ಅವನು ಒಮ್ಮೆ ನನ್ನ ಸೀರೆ, ಕೈಗಡಿಯಾರ ನೋಡಿ ಆಮೇಲೆ ಬರೆದ: ಅರುಣಾ ಉರುಫ್ ಪಕೀರಮ್ಮ.

ಹೊರಗೆ ಬಂದಾಗ ಜೈನಾಬಿ ಏನಾದರೂ ಅನ್ನುತ್ತಾಳೆಂದು ಕಾದೆ. ಅವಳು ತನ್ನ ಸರದಿಗೆ ಒಳಗೆ ಹೋದಳು.

ಆಗಸ್ಟ್ ೨೯, ಶುಕ್ರವಾರ

ಕೋಣೆ ಖಾಲಿ ಮಾಡಿಸುವುದನ್ನು ಮುಂದಿನ ವಿಚಾರಣೆಯವರೆಗೆ ತಡೆದಿದ್ದಾರೆ. ಮಂಟಪದ ಬೀಗ ಹಾಗೇ ಇದೆ. ಒಂದು ವರ್ಷ ಆದರೂ ಆಗಬಹುದು ಎನ್ನುತ್ತಾರೆ.

ಇಂದ್ರೇಶ ನನ್ನ ಜೊತೆ ಮಾತಾಡುತ್ತಿಲ್ಲ. ಮಂಡಿಯಲ್ಲಿ ಅವನ ಜೊತೆ ಇಬ್ಬರು ಮಾತು ಬಿಟ್ಟಿದ್ದಾರಂತೆ. ಕಾಲೇಜಿನಲ್ಲಿ ಯಾರೋ ನನ್ನ ಹಾಜರಿ ಪುಸ್ತಕದ ಮೇಲೆ ಪೆನ್ಸಿಲಿನಲ್ಲಿ ಆ ಹೆಸರು ಬರೆದಿದ್ದರು. ಅಳಿಸಲು ರಬ್ಬರು ತೆಗೆದುಕೊಂಡೆ. ಆಮೇಲೆ ಗಂಟೆ ಹೊಡೆಯಿತು, ಹಾಗೇ ತೆಗೆದುಕೊಂಡು ಕ್ಲಾಸಿಗೆ ಹೋದೆ.

ಮಂಗಳವಾರ ಡಬ್ಬಿ ತುಂಬಿಸಿ ಗಿಡ್ಡಯ್ಯನ ಕೈಗೆ ಕೊಟ್ಟಿದ್ದೆ. "ಬೀಗ ಬಿದ್ದೈತೆ ಅಮ್ಮಾರೆ, ಎಣ್ಣೆ ಯಾರಿಗೆ?" ಎಂದಿದ್ದ. ಕೊಟ್ಟು ಬಾ, ಬೇಡವೆಂದರೆ ವಾಪಸು ತಾ ಎಂದಿದ್ದೆ.

ಇವತ್ತು ಅವನು ಬಂದಾಗ ಕೈಯಲ್ಲಿ ಡಬ್ಬಿ ಇರಲಿಲ್ಲ.

"ಇಸ್ಕೊಂಡ್ಲು. ಏನೂ ಅನ್ಲಿಲ್ಲ."

"ಡಬ್ಬಿ?"

"ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ. ನಿನ್ನೆ ಸಂಜೆ ಬೀಗದ ಮುಂದೆ ಮೆಟ್ಟಿಲ ಮ್ಯಾಲೆ ಒಂದು ದೀಪ ಹಚ್ಚಿದ್ಲು. ಗಾಳಿಗೆ ನಿಲ್ತಾನೇ ಇರ್ಲಿಲ್ಲ, ಆಮೇಲೆ ಮೊರ ಅಡ್ಡ ಇಟ್ಲು. ನಿಮ್ಮ ಎಣ್ಣೇನೋ ಅಂಗಡೀದೋ ನಂಗೊತ್ತಿಲ್ಲ."

ನನಗೂ ಗೊತ್ತಿಲ್ಲ. ಡಬ್ಬಿ ಮುಂದಿನ ಶುಕ್ರವಾರ ಬರುತ್ತದೋ, ಬಂದರೆ ಹೇಗೆ ಬರುತ್ತದೋ. ಬೆಳಗಿನ ಕಾಫಿಗೆ ಸಕ್ಕರೆ ಹಾಕಲು ಅಮ್ಮ ಚಮಚ ಎತ್ತಿದಾಗ ಬೇಡವೆಂದೆ. ಕಹಿಯಿತ್ತು, ಕುಡಿದೆ.

ಮೌಲ್ಯಮಾಪನದ ಪತ್ರಿಕೆಗಳು ಇನ್ನೂ ಮೂವತ್ತು ಉಳಿದಿವೆ. ಅಮ್ಮ ಒಳಗಿನಿಂದ "ಪಕೀರಮ್ಮಾ, ಬೆಳಕು ಹೋಗ್ತಾ ಇದೆ, ಒಗೆದ ಬಟ್ಟೆ ಎತ್ತಿಕೊಂಡು ಬಾರೇ" ಎನ್ನುತ್ತಿದ್ದಾಳೆ. ಬಂದೆ ಎಂದಿದ್ದೇನೆ. ಹೋಗಬೇಕು.